ಚಳಿ ಬಿಡದ ಎಂಜಿನ್ನು

ತೀರ್ಥಹಳ್ಳಿಯ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿದ್ದ ನಿವೃತ್ತ ವಿಜ್ಞಾನ ಉಪಾಧ್ಯಾಯರೊಬ್ಬರಿಗೆ ಲೆಕ್ಕ ಬರೆದಿಡುವ ಅಭ್ಯಾಸವಿತ್ತು. ಮಳೆ ಎಷ್ಟು ಅಂಗುಲ ಬಿತ್ತು, ಹಿತ್ತಲಿನ ಹಲಸು ಎಷ್ಟು ಕಾಯಿ ಬಿಟ್ಟಿತು, ಬಾವಿಯ ನೀರು ಎಷ್ಟು ಮೆಟ್ಟಿಲು ಇಳಿಯಿತು, ಎಲ್ಲಕ್ಕೂ ಅವರಲ್ಲಿ ಒಂದೊಂದು ಪುಸ್ತಕ. ಕಾರಿಗೂ ಒಂದು ಪುಸ್ತಕವಿತ್ತು. 2006ರ ದಸರಾ ಹಬ್ಬದಲ್ಲಿ ಅವರು ಬಿಳಿಯ ಬಣ್ಣದ ಮಾರುತಿ 800 ಕಾರನ್ನು ಕೊಂಡಿದ್ದರು. ಅಂದಿನಿಂದ ಪೆಟ್ರೋಲು ಹಾಕಿಸಿದಾಗಲೆಲ್ಲ ತೊಟ್ಟಿ ತುಂಬಿಸಿ, ಎಷ್ಟು ಲೀಟರು ಹಿಡಿಯಿತು, ಹಿಂದಿನ ಸಲದಿಂದ ಎಷ್ಟು ಕಿಲೋಮೀಟರು ಓಡಿತು ಎಂಬುದನ್ನು ಗುರುತು ಹಾಕಿ, ಒಂದನ್ನು ಇನ್ನೊಂದರಿಂದ ಭಾಗಿಸಿ ಬರೆದಿಡುತ್ತಿದ್ದರು. ಮಗ ನಗುತ್ತಿದ್ದ. ಉಪಾಧ್ಯಾಯರು ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳುತ್ತಿರಲಿಲ್ಲ.

ಆ ಪುಸ್ತಕದ ಪ್ರಕಾರ 2008ರಲ್ಲಿ ಕಾರು ಲೀಟರಿಗೆ 18.2 ಕಿಲೋಮೀಟರು ಓಡುತ್ತಿತ್ತು, 2015ರಲ್ಲಿ 17.6. ವಯಸ್ಸಾದಂತೆ ಇಷ್ಟು ಇಳಿಯುವುದು ಸಹಜ. ಆದರೆ 2021ರ ಜನವರಿಯಲ್ಲಿ ಅಂಕಿ 15ಕ್ಕೆ ಬಂದಿತು, ಮಾರ್ಚಿಯಲ್ಲಿ ಹದಿಮೂರೂವರೆಗೆ ಇಳಿಯಿತು, ಜೂನ್ ತಿಂಗಳಲ್ಲಿ 12ಕ್ಕೆ ಕುಸಿಯಿತು. ಬೇರೆ ಯಾವ ವರ್ಷದಲ್ಲಾದರೂ ಅವರು ಇದನ್ನು ಒಂದು ಕುತೂಹಲದ ಸಂಗತಿಯೆಂದು ಭಾವಿಸುತ್ತಿದ್ದರೇನೋ. ಆ ವರ್ಷ ಹಾಗಿರಲಿಲ್ಲ.

ಅವರ ಪತ್ನಿಯ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತ ಬಂದಿದ್ದವು. ಹತ್ತಿರದ ಕೇಂದ್ರದಲ್ಲಿ ಸರದಿ ದೊರೆಯುವವರೆಗೆ, ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಶಿವಮೊಗ್ಗೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಾಗಿತ್ತು. ಹೋಗಿಬರಲು ಸುಮಾರು 120 ಕಿಲೋಮೀಟರು. ಸೋಂಕಿನ ಭೀತಿಯಿಂದ ಆ ಬೇಸಗೆಯಲ್ಲಿ ಬಸ್ಸುಗಳು ನಿಂತಿದ್ದವು. ಬಸ್ಸುಗಳಿದ್ದರೂ ನಾಲ್ಕು ಗಂಟೆ ಯಂತ್ರಕ್ಕೆ ಮೈಯೊಡ್ಡಿ ಎದ್ದವರನ್ನು ನಿಲ್ದಾಣದಲ್ಲಿ ನಿಲ್ಲಿಸಿಕೊಳ್ಳುವುದು ಆಗದ ಮಾತು. ಅದೇ ಜೂನ್ ತಿಂಗಳಲ್ಲಿ ಕರ್ನಾಟಕದಲ್ಲಿ ಪೆಟ್ರೋಲಿನ ಬೆಲೆ ಲೀಟರಿಗೆ 100 ರೂಪಾಯಿಯನ್ನು ದಾಟಿತು. ವಾರಕ್ಕೆ 240 ಕಿಲೋಮೀಟರು ಓಡಲು ಹಿಂದೆ ಹದಿಮೂರು ಲೀಟರಿನ ಮೇಲೆ ಸ್ವಲ್ಪ ಸಾಕಾಗುತ್ತಿದ್ದರೆ, ಈಗ 20 ಲೀಟರು ಬೇಕು. ತಿಂಗಳಿಗೆ ಎರಡು ಸಾವಿರದ ಏಳುನೂರು ರೂಪಾಯಿಗಳಷ್ಟು ಹೆಚ್ಚು ಖರ್ಚು. ನಿವೃತ್ತಿ ವೇತನದಲ್ಲಿ ಔಷಧಿಯ ಹಣ ಕಳೆದು ಉಳಿಯುವುದರಲ್ಲಿ ಅದು ಸಣ್ಣ ಮೊತ್ತವಲ್ಲ.

ಒಂದು ರಾತ್ರಿ ಪುಸ್ತಕ ಬಿಡಿಸಿ ಕುಳಿತಿದ್ದಾಗ ಪತ್ನಿ ಬಾಗಿಲಲ್ಲಿ ನಿಂತು ಕೇಳಿದರು: "ವಾರಕ್ಕೆ ಒಂದೇ ಸಲ ಹೋದರೆ ಆಗುವುದಿಲ್ಲವೇ? ಡಾಕ್ಟರನ್ನು ಒಂದು ಮಾತು ಕೇಳಿ ನೋಡಿ."

ಉಪಾಧ್ಯಾಯರು ಉತ್ತರ ಕೊಡಲಿಲ್ಲ. ಪುಸ್ತಕವನ್ನು ಮುಚ್ಚಿ ಬೀರುವಿನೊಳಗೆ ಇಟ್ಟರು. ಅದುವರೆಗೆ ಅದು ಎಲ್ಲರಿಗೂ ಕಾಣುವಂತೆ ಗೋಡೆಯ ಮೊಳೆಗೆ ತೂಗುತ್ತಿತ್ತು.

ಸಲಹೆಗಳಿಗೆ ಬರವಿರಲಿಲ್ಲ. ಹಳೆಯ ಕಾರು ಇಟ್ಟುಕೊಂಡವನಿಗೆ ದಾರಿಹೋಕರೆಲ್ಲ ಪಂಡಿತರೇ. ಅಕ್ಟೋಬರಿನಲ್ಲಿ ಕಾರಿನ ನೋಂದಣಿಗೆ 15 ವರ್ಷ ತುಂಬುತ್ತಿತ್ತು. ಅದನ್ನು ನವೀಕರಿಸಲು ಹೊಗೆಯ ತಪಾಸಣೆ ಆಗಬೇಕು, ಅಧಿಕಾರಿಗಳು ಗಾಡಿಯನ್ನು ನೋಡಬೇಕು. ಅಷ್ಟು ಕಷ್ಟಪಡುವ ಬದಲು ಮಾರಿಬಿಡಿ ಎಂದರು ಕೆಲವರು. ಮಾರಿದರೆ ಬರುವ ಹಣದಲ್ಲಿ ಇನ್ನೊಂದು ಕಾರಿನ ನಾಲ್ಕು ಚಕ್ರಗಳೂ ಬರಲಾರವು ಎಂಬುದು ಅವರಿಗೆ ತಿಳಿದಿತ್ತು. ಊರಿನ ಗ್ಯಾರೇಜಿನವನು ಗಾಳಿ ಶೋಧಕವನ್ನು ಬದಲಾಯಿಸಿದ. ಅಂಕಿ ಕದಲಲಿಲ್ಲ. ಅವನನ್ನು ದೂರುವಂತಿಲ್ಲ, ಅವನ ಗುರು ಕಲಿಸಿದ ವಿದ್ಯೆ ಕಾರ್ಬುರೇಟರಿನ ಕಾಲದ್ದು. ಆ ಕಾಲದ ಎಂಜಿನ್ನಿನಲ್ಲಿ ಶೋಧಕ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಪೆಟ್ರೋಲು ವ್ಯರ್ಥವಾಗುತ್ತಿದ್ದುದು ನಿಜ. ಕಂಪ್ಯೂಟರು ಪೆಟ್ರೋಲನ್ನು ಅಳೆದು ಸಿಂಪಡಿಸುವ ಎಂಜಿನ್ನಿನಲ್ಲಿ ಗಾಳಿ ಕಡಿಮೆಯಾದರೆ ಪೆಟ್ರೋಲೂ ಅಷ್ಟೇ ಕಡಿಮೆಯಾಗುತ್ತದೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಇದನ್ನು ಪರೀಕ್ಷಿಸಿ, ಇಂಥ ಕಾರುಗಳಲ್ಲಿ ಶೋಧಕ ಕಟ್ಟಿಕೊಂಡರೆ ಓಟದ ಚುರುಕು ತಗ್ಗುವುದೇ ಹೊರತು ಇಂಧನದ ಖರ್ಚು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲವೆಂದು ಕಂಡುಕೊಂಡರು.

ಪೆಟ್ರೋಲನ್ನು ಅಳೆಯುವುದೆಂದರೆ ಎಂಥ ಕೆಲಸ ಎಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ತೂಕದಲ್ಲಿ ಹೇಳಿದರೆ ಇದು ಅಷ್ಟೇನೂ ಆಶ್ಚರ್ಯವೆನಿಸದು. ಗಾತ್ರದಲ್ಲಿ ಹೇಳಿದರೆ, ಒಂದು ಲೀಟರು ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರು ಗಾಳಿ, ಅಂದರೆ ಮನೆಯ ಒಂದು ಚಿಕ್ಕ ಕೋಣೆಯನ್ನು ತುಂಬುವಷ್ಟು. ಗಾಳಿ ಕಡಿಮೆಯಾದರೆ ಪೆಟ್ರೋಲು ಅರೆಬೆಂದು ಮಸಿಯಾಗಿಯೂ ವಿಷಾನಿಲವಾಗಿಯೂ ಹೊರಬೀಳುತ್ತದೆ. ಹೆಚ್ಚಾದರೆ ಎಂಜಿನ್ನು ಮುಗ್ಗರಿಸುತ್ತದೆ. ಗುಡ್ಡ ಹತ್ತುವಾಗ, ಇಳಿಯುವಾಗ, ಸಂತೆಯ ಜನರ ನಡುವೆ ನಿಂತು ನಿಂತು ಸಾಗುವಾಗ, ಕ್ಷಣಕ್ಷಣಕ್ಕೂ ಈ ಪ್ರಮಾಣವನ್ನು ಕಾಯಬೇಕು. ಹಿಂದೆ ನುರಿತ ಮೆಕ್ಯಾನಿಕರು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಕಾರ್ಬುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಒಂದು ನಡುಹಾದಿಗೆ ತಂದು ನಿಲ್ಲಿಸುತ್ತಿದ್ದರು. ಅದೊಂದು ಸಂಗೀತಗಾರನ ವಿದ್ಯೆಯೇ ಸರಿ. ಈಗ ಆ ಕೆಲಸ ಕಂಪ್ಯೂಟರಿನದು. ಆದರೆ ಕಂಪ್ಯೂಟರಿಗೆ ಕಿವಿಯಿಲ್ಲ, ಕಣ್ಣಿಲ್ಲ, ಕೈ ಮುಟ್ಟಿ ನೋಡುವ ಚರ್ಮವಿಲ್ಲ. ಇವುಗಳ ಬದಲಿಗೆ ಅದಕ್ಕಿರುವುದು ಸಂವೇದಕಗಳು. ಗ್ಯಾರೇಜುಗಳಲ್ಲಿ ಸೆನ್ಸರ್ ಎಂದು ಕರೆಯುವುದು ಇವನ್ನೇ. ಒಂದು ಒಳಬರುವ ಗಾಳಿಯ ಒತ್ತಡವನ್ನು ತಿಳಿಸುತ್ತದೆ, ಒಂದು ಚಾಲಕನ ಕಾಲು ಎಷ್ಟು ಒತ್ತಿದೆ ಎಂಬುದನ್ನು, ಒಂದು ಎಂಜಿನ್ನಿನ ಸುತ್ತ ಹರಿಯುವ ನೀರಿನ ಬಿಸಿಯನ್ನು, ಮತ್ತೊಂದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು.

ಈ ಕೊನೆಯದು ಎಲ್ಲಕ್ಕಿಂತ ಸೋಜಿಗದ್ದು. ಬೆರಳಿನಷ್ಟು ದಪ್ಪದ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು ಹೊಗೆಯ ಕೊಳವೆಯೊಳಗೆ ಚಾಚಿಕೊಂಡಿರುತ್ತದೆ. ಸುಮಾರು 300 ಡಿಗ್ರಿಗಿಂತ ಹೆಚ್ಚು ಕಾದಾಗ ಅದು ಜೀವ ಬಂದಂತೆ ಎಚ್ಚೆತ್ತು, ಒಳಗಿನ ಹೊಗೆಗೂ ಹೊರಗಿನ ಗಾಳಿಗೂ ಇರುವ ಆಮ್ಲಜನಕದ ವ್ಯತ್ಯಾಸಕ್ಕೆ ಅನುಗುಣವಾಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಪೆಟ್ರೋಲು ಹೆಚ್ಚಾಗಿದ್ದರೆ 0.9 ವೋಲ್ಟಿನ ಸಮೀಪ, ಗಾಳಿ ಹೆಚ್ಚಾಗಿದ್ದರೆ 0.1 ವೋಲ್ಟಿನ ಸಮೀಪ. ಇದರ ಹಿಂದಿರುವ ಸೂತ್ರವನ್ನು ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ 1889ರಲ್ಲಿಯೇ ಕಂಡುಹಿಡಿದಿದ್ದರೂ, ಅದು ಕಾರಿನ ಹೊಗೆಯ ಕೊಳವೆಯನ್ನು ಸೇರಿದ್ದು 1976ರಲ್ಲಿ, ಬಾಷ್ ಸಂಸ್ಥೆ ತಯಾರಿಸಿ ವೋಲ್ವೋ ಕಾರುಗಳಿಗೆ ಅಳವಡಿಸಿದಾಗ. ಸೀಸ ಬೆರೆತ ಪೆಟ್ರೋಲಿನ ಹೊಗೆ ಈ ಸಂವೇದಕಕ್ಕೆ ವಿಷ. ಭಾರತದಲ್ಲಿ 2000ದಲ್ಲಿ ಸೀಸರಹಿತ ಪೆಟ್ರೋಲು ದೇಶದ ಎಲ್ಲೆಡೆ ಬಂದ ಮೇಲೆಯೇ ಹಳ್ಳಿಯ ದಾರಿಗಳಲ್ಲಿಯೂ ಇದು ಬದುಕಿ ಉಳಿಯುವಂತಾಯಿತು.

ಬೆಂಗಳೂರಿನಲ್ಲಿದ್ದ ಮಗ ಒಂದು ದಿನ ದೂರವಾಣಿಯಲ್ಲಿ ಉತ್ಸಾಹದಿಂದ ಹೇಳಿದ: "ಅಪ್ಪ, ಆಕ್ಸಿಜನ್ ಸೆನ್ಸರ್ ಬದಲಾಯಿಸಿ. ನೂರಕ್ಕೆ ನಲವತ್ತರಷ್ಟು ಉಳಿತಾಯವಾಗುತ್ತದೆಯೆಂದು ಅಮೆರಿಕದ ಸರ್ಕಾರವೇ ಹೇಳಿದೆ." ಅಮೆರಿಕದ ಸರ್ಕಾರ ಹೇಳಿದ್ದು ನಿಜ. ಆದರೆ ಅದು ಹೇಳಿದ್ದು, ಕೆಟ್ಟುಹೋದ ಆಮ್ಲಜನಕ ಸಂವೇದಕದಂಥ ದೊಡ್ಡ ದೋಷವನ್ನು ಸರಿಪಡಿಸಿದರೆ ಮೈಲೇಜು ಶೇಕಡ 40ರವರೆಗೂ ಸುಧಾರಿಸಬಹುದು ಎಂದು. 'ಕೆಟ್ಟುಹೋದ' ಎಂಬ ಮಾತು ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಎಲ್ಲಿಯೋ ಉದುರಿಹೋಗಿತ್ತು. ಶಾಲೆಯಲ್ಲಿ ಮೂವತ್ತು ವರ್ಷ ಪ್ರಯೋಗವೇ ಪ್ರಮಾಣವೆಂದು ಬೋಧಿಸಿದ ಉಪಾಧ್ಯಾಯರೂ ಅದನ್ನು ಕೇಳಿ ವಿಚಾರಿಸಲಿಲ್ಲ. ಕಷ್ಟದಲ್ಲಿರುವವನಿಗೆ ನಲವತ್ತು ಎಂಬ ಸಂಖ್ಯೆ ಬಲು ಇಂಪಾಗಿ ಕೇಳಿಸುತ್ತದೆ. ಎರಡೂವರೆ ಸಾವಿರ ರೂಪಾಯಿ ತೆತ್ತು ಹೊಸ ಸಂವೇದಕವನ್ನು ತರಿಸಿ ಹಾಕಿಸಿದರು. ತೊಟ್ಟಿ ತುಂಬಿಸಿ, ಎರಡು ವಾರ ಓಡಿಸಿ, ಬೀರುವಿನಿಂದ ಪುಸ್ತಕ ತೆಗೆದು ಭಾಗಾಕಾರ ಮಾಡಿದರು. 12.1.

ಮುಂದಿನ ಶುಕ್ರವಾರ ಮುಂಜಾನೆ ಇಬ್ಬರೂ ಎಂದಿನಂತೆ ಹೊರಟರು. ಮಳೆಗಾಲ ಬಲಿತಿತ್ತು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ಪತ್ನಿ ಅಲ್ಲಿ ಕಾರು ನಿಧಾನಿಸಲು ಹೇಳುವುದು ವಾಡಿಕೆ, ಅಂದು ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ಹೊಸದು ಹಾಕಿದರೂ ಆಗಲಿಲ್ಲ, ಅಲ್ಲವೇ?" ಎಂದರು. ಪುಸ್ತಕವನ್ನು ಬೀರುವಿನಲ್ಲಿಟ್ಟ ಮಾತ್ರಕ್ಕೆ ಮನೆಯೊಡತಿಗೆ ತಿಳಿಯದೆ ಹೋಗುತ್ತದೆಯೇ? ಉಪಾಧ್ಯಾಯರು ಇಲ್ಲವೆಂದು ತಲೆಯಾಡಿಸಿದರು.

"ನನ್ನನ್ನು ಯಂತ್ರದ ಹತ್ತಿರ ಮಲಗಿಸುವ ಮೊದಲು ಪ್ರತಿ ಸಲವೂ ತೂಗಿ ನೋಡುತ್ತಾರೆ. ಎದ್ದ ಮೇಲೂ ತೂಗುತ್ತಾರೆ. ಎಷ್ಟು ನೀರು ತೆಗೆಯಬೇಕೆಂದು ಆ ಹುಡುಗಿ ಯಾವತ್ತೂ ಅಂದಾಜಿನ ಮೇಲೆ ಹೇಳಿಲ್ಲ. ಈ ಕಾರನ್ನು ಯಾರಾದರೂ ಹಾಗೆ ನೋಡಿದ್ದಾರೆಯೇ?"

ಉಪಾಧ್ಯಾಯರಿಗೆ ನಾಚಿಕೆಯಾಯಿತು. ಅಂದು ಪತ್ನಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು, ಸಮೀಪದ ಬೀದಿಯಲ್ಲಿದ್ದ ಒಂದು ಸಣ್ಣ ಗ್ಯಾರೇಜಿಗೆ ಕಾರನ್ನು ಒಯ್ದರು. ಐ.ಟಿ.ಐ. ಓದಿದ ಯುವಕನೊಬ್ಬ ಅದನ್ನು ನಡೆಸುತ್ತಿದ್ದ. ಅವನು ತಿರುಪುಳಿ ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದ. ಹೊಗೆಗೂಡಿನ ಇಟ್ಟಿಗೆಯಂತೆ ಕರಿಹಿಡಿದಿತ್ತು. "ಪೆಟ್ರೋಲು ಹೆಚ್ಚು ಬೀಳುತ್ತಿದೆ ಸರ್" ಎಂದ. ಬಳಿಕ ತನ್ನ ಪರೀಕ್ಷಾಯಂತ್ರದ ತಂತಿಯನ್ನು ಕಾರಿಗೆ ಜೋಡಿಸಿ, ಎಂಜಿನ್ನನ್ನು ಚಾಲೂ ಮಾಡಿ, ಕಂಪ್ಯೂಟರು ಏನೆಂದುಕೊಂಡಿದೆ ಎಂಬುದನ್ನು ಒಂದೊಂದಾಗಿ ಓದಿದ. ಒಂದು ಅಂಕಿಯ ಬಳಿ ನಿಂತ. ರೇಡಿಯೇಟರಿನ ಮೇಲಿನ ರಬ್ಬರು ಕೊಳವೆ ಕೈಯಿಂದ ಮುಟ್ಟಲಾಗದಷ್ಟು ಸುಡುತ್ತಿತ್ತು. ಚಾಲಕನ ಮುಂದಿನ ಮುಳ್ಳು ನಡುವಿನಲ್ಲಿತ್ತು. ಕಂಪ್ಯೂಟರಿಗೆ ಮಾತ್ರ ನೀರಿನ ಉಷ್ಣತೆ 38 ಡಿಗ್ರಿ.

ಎಂಜಿನ್ನು ತಣ್ಣಗಿರುವಾಗ ಪೆಟ್ರೋಲು ಸರಿಯಾಗಿ ಆವಿಯಾಗದೆ ಲೋಹಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಹೊರಡುವಾಗ ಹೆಚ್ಚು ಪೆಟ್ರೋಲು ಕೊಡಬೇಕು. ಹಳೆಯ ಅಂಬಾಸಿಡರ್ ಕಾರುಗಳಲ್ಲಿ ಇದಕ್ಕಾಗಿ ಚೋಕ್ ಎಂಬ ಗುಂಡಿ ಇರುತ್ತಿತ್ತು. ಚಳಿಯ ಬೆಳಗಿನಲ್ಲಿ ಅದನ್ನೆಳೆದು ಎಂಜಿನ್ನನ್ನು ಎಬ್ಬಿಸಿ, ಬಿಸಿಯಾದೊಡನೆ ಒಳಕ್ಕೆ ತಳ್ಳಬೇಕು. ಮರೆತರೆ ಕಾರು ಕಪ್ಪುಹೊಗೆ ಕಾರುತ್ತ ಪೆಟ್ರೋಲು ಕುಡಿಯುತ್ತ ಹೋಗುತ್ತಿತ್ತು. ಈಗ ಗುಂಡಿ ಇಲ್ಲ. ಎಂಜಿನ್ನಿನ ಚಳಿ ಬಿಟ್ಟಿತೆಂಬ ವಾರ್ತೆಯನ್ನು ನೀರಿನ ಸಂವೇದಕ ತರಬೇಕು. ಈ ಕಾರಿನಲ್ಲಿ ಆ ವಾರ್ತೆ ಬರಲೇ ಇಲ್ಲ. ಶಿವಮೊಗ್ಗೆಯ ನಡುಹಗಲಿನಲ್ಲಿಯೂ ಕಂಪ್ಯೂಟರಿಗೆ ಮಲೆನಾಡಿನ ಮುಂಜಾವಿನ ಚಳಿ ಬಿಟ್ಟಿರಲಿಲ್ಲ. ಅಷ್ಟೇ ಅಲ್ಲ, ಎಂಜಿನ್ನು ಸಾಕಷ್ಟು ಬಿಸಿಯಾಗುವವರೆಗೆ ಕಂಪ್ಯೂಟರು ಆಮ್ಲಜನಕ ಸಂವೇದಕದ ಮಾತನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹೊಸ ಸಂವೇದಕ ಪೆಟ್ರೋಲು ಹೆಚ್ಚಾಯಿತೆಂದು ಎಷ್ಟು ಕೂಗಿದರೂ, ಹಳೆಯದು ಕೂಗಿದ್ದರೂ, ಕೇಳುವವರಿರಲಿಲ್ಲ. ನ್ಯಾಯಾಲಯದ ಬಾಗಿಲಲ್ಲಿ ನಿಂತ ಸಾಕ್ಷಿಯಂತೆ ಎರಡೂವರೆ ಸಾವಿರ ರೂಪಾಯಿಯ ವಸ್ತು ಹೊಗೆಯಲ್ಲಿ ಸುಮ್ಮನೆ ಬೇಯುತ್ತಿತ್ತು.

ಹಾಗಾದರೆ ಎಚ್ಚರಿಕೆಯ ದೀಪ ಏಕೆ ಉರಿಯಲಿಲ್ಲವೆಂದು ಉಪಾಧ್ಯಾಯರು ಕೇಳಿದರು. ಯುವಕ ಹೇಳಿದ ಉತ್ತರ ನೆನಪಿಡುವಂಥದು: "ತಂತಿ ಕಡಿದಿದ್ದರೆ ಅದಕ್ಕೆ ಗೊತ್ತಾಗುತ್ತಿತ್ತು ಸರ್. ಮೂವತ್ತೆಂಟು ಡಿಗ್ರಿ ಅನ್ನುವುದು ಇರಬಹುದಾದ ಸಂಖ್ಯೆಯೇ ಅಲ್ಲವೇ? ನಂಬುವಂಥ ಸುಳ್ಳನ್ನು ಅದು ನಂಬಿಬಿಟ್ಟಿದೆ." ಮುಳ್ಳಿನ ವಿಷಯವೂ ಹಾಗೆಯೇ, ಅನೇಕ ಕಾರುಗಳಲ್ಲಿ ಚಾಲಕನಿಗೆ ಬಿಸಿ ತೋರಿಸುವ ಸಂವೇದಕ ಬೇರೆ, ಕಂಪ್ಯೂಟರಿಗೆ ತೋರಿಸುವುದು ಬೇರೆ.

ಬೇಕಾದ ಬಿಡಿಭಾಗ ಅಂದು ಅವನಲ್ಲಿರಲಿಲ್ಲ. ಮಂಗಳವಾರದೊಳಗೆ ತರಿಸುವುದಾಗಿ ಹೇಳಿ, ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟ: ಸಂವೇದಕ ಒಳ್ಳೆಯದಿದ್ದರೆ 20 ಡಿಗ್ರಿಯಲ್ಲಿ ಸುಮಾರು 2,400 ಓಮ್ ರೋಧ, 40ರಲ್ಲಿ 1,100, 60ರಲ್ಲಿ 600, 80ರಲ್ಲಿ 300. "ನಿಮ್ಮ ಹತ್ತಿರ ಮೀಟರಿದ್ದರೆ ನೀವೇ ನೋಡಿ ಸರ್. ಎಂಜಿನ್ನು ಪೂರ್ತಿ ತಣಿದ ಮೇಲೆ ಬಿಚ್ಚಿ; ಬಿಸಿ ಇರುವಾಗ ಬಿಚ್ಚಿದರೆ ಕುದಿನೀರು ಮೈಮೇಲೆ ಬರುತ್ತದೆ."

ಭಾನುವಾರ ಬೆಳಗ್ಗೆ ಅಡುಗೆಮನೆ ಪ್ರಯೋಗಶಾಲೆಯಾಯಿತು. ಕಾರಿನ ನೀರಿಗೆ ಬೆರೆಸುವ ಔಷಧ ವಿಷವಾದ್ದರಿಂದ ಹಾಲಿನ ಪಾತ್ರೆಯನ್ನು ಕೊಡಲು ಪತ್ನಿ ಒಪ್ಪಲಿಲ್ಲ. ಬಚ್ಚಲಿನ ಹಳೆಯ ತಂಬಿಗೆಯನ್ನು ತೆಗೆದುಕೊಟ್ಟರು. ಉಪಾಧ್ಯಾಯರು ಸಂವೇದಕವನ್ನು ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ತಮ್ಮ ಹಳೆಯ ಉಷ್ಣಮಾಪಕವನ್ನು ನಿಲ್ಲಿಸಿ, ಎರಡು ತಂತಿಗಳನ್ನು ಮಲ್ಟಿಮೀಟರಿಗೆ ಸೇರಿಸಿದರು. ಒಲೆ ಹಚ್ಚಿದರು. ಅವರ ಕಣ್ಣಿಗೆ ಪೊರೆ ಬಂದಿದ್ದುದರಿಂದ ಪಾದರಸದ ಗೆರೆ ಕಾಣಿಸದು. ಪತ್ನಿ ಮಣೆ ಹಾಕಿಕೊಂಡು ಒಲೆಯ ಬಳಿ ಕುಳಿತು, ಸೂಜಿಯ ಕಲೆಗಳಿದ್ದ ಎಡತೋಳನ್ನು ಮಡಿಲಲ್ಲಿಟ್ಟುಕೊಂಡು, ಉಷ್ಣತೆಯನ್ನು ಗಟ್ಟಿಯಾಗಿ ಓದಿದರು. ಅವರು ಮೀಟರನ್ನು ಓದಿದರು.

ಒಂದು ಅರೆವಾಹಕದ ರೋಧ ಬಿಸಿಯಾದಂತೆ ಕಡಿಮೆಯಾಗುವುದನ್ನು ಮೈಕೆಲ್ ಫ್ಯಾರಡೆ 1833ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಮೊದಲು ಗಮನಿಸಿದ. ತಾಮ್ರ, ಕಬ್ಬಿಣಗಳ ನಡತೆ ಇದಕ್ಕೆ ವಿರುದ್ಧವಾದ್ದರಿಂದ ಅವನಿಗೆ ಅದು ಅಚ್ಚರಿಯನ್ನುಂಟುಮಾಡಿತ್ತು. ಥರ್ಮಿಸ್ಟರಿನ ಬಗ್ಗೆ ಈ ಮಾತನ್ನು ಉಪಾಧ್ಯಾಯರು ಎಷ್ಟೋ ತರಗತಿಗಳಲ್ಲಿ ಹೇಳಿದ್ದರು. ಮನೆಯ ಒಲೆಯ ಮೇಲೆ ನೋಡಿದ್ದು ಅದೇ ಮೊದಲು.

"ಇಪ್ಪತ್ತೈದು" ಎಂದರು ಪತ್ನಿ. "ಎರಡು ಸಾವಿರದ ಒಂಬೈನೂರು." ಆಗಲೇ ಹೆಚ್ಚು. "ನಲವತ್ತು." "ಎರಡು ಸಾವಿರ." "ಅರವತ್ತು." "ಸಾವಿರದ ಐನೂರು." ನೀರು ಸಣ್ಣಗೆ ಸದ್ದು ಮಾಡತೊಡಗಿತು. "ಎಂಬತ್ತು." ಮುನ್ನೂರಕ್ಕೆ ಇಳಿಯಬೇಕಾಗಿದ್ದ ಅಂಕಿ ಸಾವಿರದ ಇನ್ನೂರರಲ್ಲಿ ನಿಂತಿತ್ತು. ಉಪಾಧ್ಯಾಯರು ಚೀಟಿಯನ್ನು ನೋಡಿದರು. ಆವಿಯಾಡುವ ನೀರಿನಲ್ಲಿ ಮುಳುಗಿದ್ದ ಆ ಹಿತ್ತಾಳೆಯ ತುಂಡು ಇನ್ನೂ ತಾನು ಉಗುರುಬೆಚ್ಚನೆಯ ಸ್ನಾನದ ನೀರಿನಲ್ಲಿದ್ದೇನೆಂದು ಹೇಳುತ್ತಿತ್ತು.

"ಇದೇ ಕಳ್ಳ" ಎಂದರು ಅವರು.

"ಕಳ್ಳ ಯಾಕೆ? ವಯಸ್ಸಾಗಿದೆ" ಎಂದರು ಪತ್ನಿ.

ಮಂಗಳವಾರ ಹೊಸ ಸಂವೇದಕ ಬಂದಿತು. ಯುವಕನೂ ಅದನ್ನು ಹಾಗೆಯೇ ಹಾಕಲಿಲ್ಲ. ಮೊದಲು ಬಿಸಿನೀರಿನಲ್ಲಿಟ್ಟು ಅಳೆದು ನೋಡಿದ. ಅಂಗಡಿಗಳಲ್ಲಿ ಹೆಸರಾಂತ ಸಂಸ್ಥೆಗಳ ಪೊಟ್ಟಣದಲ್ಲಿ ನಕಲಿ ಸರಕೂ ಬರುತ್ತದೆಯಂತೆ. ಬೆಲೆ ನಾಲ್ಕುನೂರು ರೂಪಾಯಿ, ಕೂಲಿ ನೂರು. ಆಮೇಲೆ ಎಂಜಿನ್ನನ್ನು ಕಾಯಿಸಿ, ಆಮ್ಲಜನಕ ಸಂವೇದಕದ ವೋಲ್ಟುಗಳನ್ನು ತೋರಿಸಿದ. 0.1 ಮತ್ತು 0.9ರ ನಡುವೆ ಅಂಕಿ ತೊಟ್ಟಿಲಿನಂತೆ ತೂಗಾಡುತ್ತಿತ್ತು. ಕಂಪ್ಯೂಟರು ಈಗ ಅದರ ಮಾತು ಕೇಳಿ ಪೆಟ್ರೋಲನ್ನು ಕಡಿಮೆ ಮಾಡಿ, ಮತ್ತೆ ಹೆಚ್ಚಿಸಿ, ಮತ್ತೆ ಕಡಿಮೆ ಮಾಡುತ್ತಿತ್ತು. ಊರಿನಲ್ಲಿ ಬಿಚ್ಚಿಟ್ಟಿದ್ದ ಹಳೆಯ ಆಮ್ಲಜನಕ ಸಂವೇದಕವನ್ನು ಕುತೂಹಲಕ್ಕೆಂದು ಹಾಕಿ ನೋಡಿದರೆ, ಅದೂ ಹಾಗೆಯೇ ತೂಗಾಡಿತು. ಅದರಲ್ಲಿ ದೋಷವೇ ಇರಲಿಲ್ಲ. ಉಪಾಧ್ಯಾಯರು ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು, ಮಗನಿಗೆ ತೋರಿಸಬೇಕೆಂದಿರಬೇಕು.

ಎರಡು ವಾರ ಕಳೆದು ತೊಟ್ಟಿಯನ್ನು ಮತ್ತೆ ತುಂಬಿಸಿದಾಗ ಲೆಕ್ಕ 17.2ಕ್ಕೆ ಬಂದಿತು. 2008ರ 18.2 ಬರಲಿಲ್ಲ. ಒಳಗಿನ ಉಂಗುರಗಳು ಸವೆದಿವೆ, ಅದು ಸಂವೇದಕ ತುಂಬಿಕೊಡುವ ನಷ್ಟವಲ್ಲ. ಕೆಟ್ಟ ಸಂವೇದಕವನ್ನು ಬದಲಾಯಿಸಿದರೆ ಕಳೆದುಹೋದದ್ದು ಮರಳಿ ಬರುತ್ತದೆ. ಇಲ್ಲದ ಶಕ್ತಿ ಎಲ್ಲಿಂದಲೂ ಬರುವುದಿಲ್ಲ. ಅಕ್ಟೋಬರಿನಲ್ಲಿ ಕಾರು ಹೊಗೆಯ ತಪಾಸಣೆಯಲ್ಲಿ ತೇರ್ಗಡೆಯಾಯಿತು. ನೋಂದಣಿ ಇನ್ನೈದು ವರ್ಷಕ್ಕೆ ನವೀಕರಣವಾಯಿತು.

17.2 ಬರೆದ ರಾತ್ರಿ ಉಪಾಧ್ಯಾಯರು ಪುಸ್ತಕವನ್ನು ಬೀರುವಿನಲ್ಲಿಡದೆ ಮತ್ತೆ ಗೋಡೆಯ ಮೊಳೆಗೆ ತೂಗುಹಾಕಿದರು. ಪತ್ನಿ ಅಡುಗೆಮನೆಯ ದೀಪ ಆರಿಸಿ ಬಂದು, ಅದನ್ನು ಕೆಳಗಿಳಿಸಿ, ಕಡೆಯ ಸಾಲನ್ನು ಓದಿದರು. ಮತ್ತೆ ಮೊಳೆಗೆ ಸೇರಿಸಿದರು.

"ಶುಕ್ರವಾರ ಅರ್ಧ ಗಂಟೆ ಮೊದಲೇ ಹೊರಡೋಣ" ಎಂದರು. "ಮಂಡಗದ್ದೆಯಲ್ಲಿ ಮರಿಗಳು ಹೊರಬಂದಿರುತ್ತವೆ. ಸ್ವಲ್ಪ ಹೊತ್ತು ನಿಲ್ಲಿಸಿ."